ಅಬ್ಬಾರ ಕಾರಿನ ಹಿಂಬಾಗಿಲು



ಬಾಗಿಲ ಹಿಡಿಯನ್ನು ಯಾರಾದರೂ ನೋಡುತ್ತಾರೆಯೇ? ಹಿಡಿಯುತ್ತೇವೆ, ಎಳೆಯುತ್ತೇವೆ, ಒಳಗೆ ಹೋಗುತ್ತೇವೆ. ಅದು ಕೈಕೊಟ್ಟ ದಿನ ಮಾತ್ರ ಅದರ ಕಡೆ ನಮ್ಮ ಕಣ್ಣು ಹೋಗುತ್ತದೆ. ನನಗೂ ಹಾಗೆಯೇ ಆಯಿತು. ನಾನು ನಿಮಗೆ ಹೇಳಹೊರಟಿರುವುದು ನಮ್ಮ ಅಬ್ಬಾರ ಅಂಬಾಸಿಡರ್ ಕಾರಿನ ಹಿಂದಿನ ಎಡಬಾಗಿಲಿನ ಹ್ಯಾಂಡಲ್ಲಿನ ಕಥೆ. ‘ಹೆಂಗಸಿಗೆ ಇದೆಲ್ಲಾ ಏಕೆ?’ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೂ ಕೇಳಿದರು.

ನನ್ನ ತವರು ಗುಬ್ಬಿ. ಮದುವೆಯಾಗಿ ಬಂದದ್ದು ತುಮಕೂರಿಗೆ. ಅಮ್ಮಿಯ ತವರು ಕುಣಿಗಲ್. ಈ ಮೂರು ಊರುಗಳ ನಡುವೆ ನಮ್ಮ ಕುಟುಂಬದ ಹೆರಿಗೆ, ಮದುವೆ, ಸಾವು ಎಲ್ಲಕ್ಕೂ ಓಡಾಡಿದ್ದು ಆ ಒಂದೇ ಕಾರು. ಅದು 1972ರ ಮಾರ್ಕ್ 2. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬಂದಿರಲಿಲ್ಲ, ಅದು 1973ರ ನವೆಂಬರಿನ ಮಾತು. ಹಾಗಾಗಿ ಅದರ ನಂಬರ್ ಈಗಲೂ ಮೈಸೂರಿನ ‘ಎಂ.ವೈ.’ ಅಕ್ಷರಗಳಿಂದಲೇ ಶುರುವಾಗುತ್ತದೆ. ಅಬ್ಬಾ ಅದನ್ನು 1978ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದರು. ಅವರದು ಕೊಬ್ಬರಿ ವ್ಯಾಪಾರ. ವ್ಯಾಪಾರಕ್ಕೆಂದು ತಂದ ಕಾರು ವ್ಯಾಪಾರಕ್ಕಿಂತ ಹೆಚ್ಚಾಗಿ ಮೊಹಲ್ಲಾದ ಕೆಲಸಕ್ಕೆ ಓಡಿತು. ರಾತ್ರಿ ಎರಡು ಗಂಟೆಗೆ ಯಾರಾದರೂ ಬಾಗಿಲು ಬಡಿದರೆ ಅಬ್ಬಾ ‘ಯಾರು?’ ಎಂದು ಕೇಳುತ್ತಿರಲಿಲ್ಲ, ಕೀಲಿ ಹುಡುಕುತ್ತಿದ್ದರು. ಗುಬ್ಬಿಯಿಂದ ಬಿ.ಹೆಚ್. ರಸ್ತೆ ಹಿಡಿದು ಇಪ್ಪತ್ತು ಕಿಲೋಮೀಟರ್ ಬಂದರೆ ತುಮಕೂರಿನ ಜಿಲ್ಲಾ ಆಸ್ಪತ್ರೆ. ನೋವು ತಿನ್ನುವ ಹೆಣ್ಣುಮಕ್ಕಳು ಹತ್ತುತ್ತಿದ್ದದ್ದು ಹಿಂದಿನ ಎಡಬಾಗಿಲಿನಿಂದ. ನಾನು ದುಲ್ಹನ್ ಆಗಿ ಹತ್ತಿದ್ದೂ ಅದೇ ಬಾಗಿಲಿನಿಂದ.

ಅಂಬಾಸಿಡರ್ ಕಾರಿನ ಬಗ್ಗೆ ನಿಮಗೂ ಗೊತ್ತಿರುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚನ್ನೇ ತಂದು ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್‌ನವರು ತಯಾರಿಸುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಶುರುವಾದದ್ದು 2014ರ ಮೇ ತಿಂಗಳಲ್ಲಿ ನಿಂತುಹೋಯಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೂಜೋ ಕಂಪೆನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಹೆಸರಿಗೇ ಅಷ್ಟು ಬೆಲೆ. ಆದರೆ ಅದರ ಒಂದು ರಬ್ಬರ್ ವಾಶರ್ ಹುಡುಕಿಕೊಂಡು ಮಂಡಿಪೇಟೆಯ ಅಂಗಡಿಗಳನ್ನೆಲ್ಲಾ ಸುತ್ತಿದರೂ ನನಗೆ ಸಿಗಲಿಲ್ಲ. ಅದು ಮುಂದೆ ಬರುತ್ತದೆ.

ಅಬ್ಬಾ ತೀರಿಕೊಂಡದ್ದು 2019ರ ನವೆಂಬರಿನಲ್ಲಿ. ಅಮ್ಮಿ ಇದ್ದತ್ತಿನಲ್ಲಿದ್ದ ನಾಲ್ಕು ತಿಂಗಳು ಹತ್ತು ದಿನ ಕಾರನ್ನು ಯಾರೂ ಹೊರಗೆ ತೆಗೆಯಲಿಲ್ಲ. ಇದ್ದತ್ ಮುಗಿಯುವ ಹೊತ್ತಿಗೆ 2020ರ ಮಾರ್ಚ್, ಲಾಕ್‌ಡೌನ್. ಹೀಗೆ ಎರಡು ಮಳೆಗಾಲ ಅದು ಶೆಡ್ಡಿನಲ್ಲೇ ನಿಂತಿತು. 2022ರಲ್ಲಿ ಭಾಯಿಜಾನ್ ಬ್ಯಾಟರಿ ಹಾಕಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಬೇಗನೆ ಕೆಮ್ಮಿ ಎದ್ದಿತು. ಆದರೆ ಹಿಂದಿನ ಎಡಬಾಗಿಲು ಹೊರಗಿನಿಂದ ತೆರೆಯಲಿಲ್ಲ. ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಒಳಗೇ ಹೋಗಿ ಕೂತುಬಿಡುತ್ತಿತ್ತು.

ಭಾಯಿಜಾನ್ ಅದನ್ನು ಒಂದು ಗ್ಯಾರೇಜಿಗೆ ಬಿಟ್ಟರು. ಅವರು ಅರ್ಧ ದಿನದಲ್ಲಿ ಹಳೆಯ ಹ್ಯಾಂಡಲ್ ಕಿತ್ತು ಥಳಥಳ ಹೊಳೆಯುವ ಡುಪ್ಲಿಕೇಟ್ ಒಂದನ್ನು ಹಾಕಿಕೊಟ್ಟರು. ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದರು. ಅಷ್ಟಾದರೂ ಮಾಡಿದರಲ್ಲ!

ಅಮ್ಮಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಆಕೆ ಕಾರಿನ ಬಳಿ ಬಂದು ಕೈಯಿಂದ ತಡವಿ ಹ್ಯಾಂಡಲ್ ಹಿಡಿದವರು ತಟ್ಟನೆ ಕೈ ತೆಗೆದರು. “ಯಾರ ಕಾರು ತಂದಿದ್ದೀ?” ಎಂದರು. ಹಳೆಯ ಹ್ಯಾಂಡಲ್ಲಿನ ಮೇಲೆ ಕ್ರೋಮ್ ಎದ್ದು ಸಾಸಿವೆಯಂತಹ ಗುಳ್ಳೆಗಳಾಗಿದ್ದವು. ಆಕೆಗೆ ಆ ಗುಳ್ಳೆಗಳೇ ಗುರುತು. ನಾವು ನಕ್ಕು ಆಕೆಯನ್ನು ಹತ್ತಿಸಿದೆವು.

ಅಂದು ಕುಣಿಗಲ್ಲಿಗೆ ಹೊರಟದ್ದು ಮಾವನ ಮನೆಯ ಒಂದು ದಾವತ್ತಿಗೆ. ಭಾಯಿಜಾನ್ ಓಡಿಸುತ್ತಿದ್ದರು, ಪಕ್ಕದಲ್ಲಿ ಭಾಬಿ. ಹಿಂದೆ ನಾನು, ನಡುವೆ ಅಮ್ಮಿ, ಎಡ ಕಿಟಕಿಗೆ ಭಾಯಿಜಾನರ ಐದು ವರ್ಷದ ಮೊಮ್ಮಗಳು. 1972ರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಎಲ್ಲಿಂದ ಬರಬೇಕು? ಹೆಬ್ಬೂರು ದಾಟಿದ ಮೇಲೆ ಒಂದು ಬಲ ತಿರುವಿನಲ್ಲಿ ಎಡಬಾಗಿಲು ತನ್ನಷ್ಟಕ್ಕೇ ಬಿಚ್ಚಿಕೊಂಡಿತು. ನಾನು ಕಿರುಚಿದೆನೇ ಹೊರತು ಕೈ ಚಾಚಲಿಲ್ಲ. ನಿಜ ಹೇಳುತ್ತೇನೆ, ನನ್ನ ಕೈ ಕಲ್ಲಾಗಿತ್ತು. ಕಣ್ಣಿಲ್ಲದ ಅಮ್ಮಿ ಗಾಳಿಯ ಸದ್ದು ಕೇಳಿದ್ದೇ ತಡ, ಮಗುವಿನ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಎಳೆದುಕೊಂಡಿದ್ದರು. ಕಾರು ನಿಂತಾಗ ಫ್ರಾಕಿನ ಗುಂಡಿಗಳು ಕಿತ್ತುಹೋಗಿದ್ದವು. ಮಗುವಿಗೆ ಏನೂ ಆಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಬಾಗಿಲನ್ನು ಹಗ್ಗದಿಂದ ಕಟ್ಟಿ ಮನೆಗೆ ಬಂದೆವು. ಅಂದು ರಾತ್ರಿಯೇ ಭಾಯಿಜಾನ್ “ಇನ್ನು ಸಾಕು, ಮಾರಿಬಿಡೋಣ” ಎಂದರು. ಮದುವೆಗಳಿಗೆ ಹಳೆ ಕಾರು ಬಾಡಿಗೆಗೆ ಕೊಡುವ ಬೆಂಗಳೂರಿನವರೊಬ್ಬರು ಅದಾಗಲೇ ಎರಡು ಸಲ ಕೇಳಿದ್ದರು. ಅಮ್ಮಿ ಏನೂ ಹೇಳಲಿಲ್ಲ. ಬೆಳಿಗ್ಗೆ ನನ್ನನ್ನು ಕರೆದು, “ಬಾಗಿಲು ಯಾಕೆ ತೆರೆದುಕೊಂಡಿತು ಎಂದು ಗೊತ್ತಾಗದೆ ಮಾರುವುದು ಹೇಗೆ? ನಾಳೆ ಅದರಲ್ಲಿ ಬೇರೆಯವರ ಮಗು ಕೂರುತ್ತದೆ” ಎಂದರು.

ಆಕೆಯ ಈ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನಮ್ಮ ಅಬ್ಬಾರ ಕಾರನ್ನು ಮೊದಲಿನಿಂದ ನೋಡಿಕೊಂಡಿದ್ದ ಉಸ್ತಾದರೊಬ್ಬರು ತುಮಕೂರಿನಲ್ಲಿದ್ದಾರೆ. ವಯಸ್ಸಾಗಿ ಗ್ಯಾರೇಜು ಮುಚ್ಚಿದ್ದರು, ಮಂಡಿನೋವು, ಬೆರಳುಗಳೂ ಊದಿವೆ. ನಾನು ಹೋಗಿ ಸಲಾಮ್ ಹೇಳಿ ವಿಷಯ ತಿಳಿಸಿದೆ. ಅವರು, “ಬೇಟಿ, ನಾನು ಕುರ್ಚಿಯಲ್ಲಿ ಕೂತು ಹೇಳಬಲ್ಲೆ. ಕೈ ಮಾತ್ರ ಬೇರೆಯವರದ್ದು ಬೇಕು” ಎಂದರು. ನಮ್ಮ ಮನೆಯವರು ಆಫೀಸಿಗೆ, ಮಗ ಪರೀಕ್ಷೆಗೆ. ಕೈ ನನ್ನದೇ ಆಯಿತು.

ಸಹೋದರಿಯರೇ, ಒಂದು ಭಾನುವಾರ ನಮ್ಮ ಅಂಗಳದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕಾರಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಬಾಗಿಲಿನ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಬೇಕು. ಇಲ್ಲದಿದ್ದರೆ ಒಳಗೆ ಕೈ ಹಾಕಲು ಜಾಗವಿರುವುದಿಲ್ಲ. ಆಮೇಲೆ ಬಾಗಿಲಿನ ಕೆಳಗೆ ಹಳೆಯ ಸೀರೆಯೊಂದನ್ನು ಹಾಸಬೇಕು, ಬಿದ್ದ ನಟ್ಟು ಮಣ್ಣಿನಲ್ಲಿ ಕಳೆದುಹೋಗಬಾರದು. ಹೊರಗಡೆ ಹ್ಯಾಂಡಲ್ಲಿನ ಸುತ್ತ ಕಾಗದದ ಟೇಪ್ ಅಂಟಿಸಿದರೆ ಪೇಂಟಿಗೆ ಗೀರು ಬೀಳುವುದಿಲ್ಲ. ಕಳಚಿದ ಸ್ಕ್ರೂಗಳನ್ನು ಇಡಲು ಉಸ್ತಾದ್ ಡಬ್ಬಿ ಕೇಳಿದರು. ನಾನು ಇಡ್ಲಿ ತಟ್ಟೆ ತಂದೆ. ಒಂದೊಂದು ಕುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ, ಕಳಚಿದ ಕ್ರಮದಲ್ಲೇ. “ಐವತ್ತು ವರ್ಷ ಕೆಲಸ ಮಾಡಿದೆ, ಇದು ಹೊಳೆಯಲಿಲ್ಲ” ಎಂದು ಅವರು ನಕ್ಕರು.

ಒಳಗಿನ ಹಿಡಿ ಮತ್ತು ಗಾಜು ಇಳಿಸುವ ಹಿಡಿಕೆ ಎರಡಕ್ಕೂ ಹೊರಗೆ ಕಾಣುವ ಸ್ಕ್ರೂ ಇರಲಿಲ್ಲ. ನಾನು ಎಳೆಯಲು ಹೋದೆ. “ಹಲ್ಲೂ ಬೇಟಿ, ಹಲ್ಲೂ” ಎಂದರು ಉಸ್ತಾದ್. ಅಬ್ಬಾರೂ ಹಾಗೆಯೇ ಹೇಳುತ್ತಿದ್ದರು. ಹಿಡಿಯ ಬುಡದಲ್ಲಿರುವ ದುಂಡು ಬಿಲ್ಲೆಯನ್ನು ಬಾಗಿಲಿನ ಕಡೆಗೆ ಒತ್ತಿದರೆ ಹಿಂದಿನ ಸ್ಪ್ರಿಂಗ್ ಕುಗ್ಗಿ ಒಂದು ಸಣ್ಣ ಪಿನ್ನು ಕಾಣಿಸುತ್ತದೆ. ಅದನ್ನು ತೆಳ್ಳನೆಯ ಮೊಳೆಯಿಂದ ಆಚೆ ತಳ್ಳಿದರೆ ಹಿಡಿ ಬೆಣ್ಣೆಯಂತೆ ಜಾರಿ ಬರುತ್ತದೆ. ನಂತರ ರೆಕ್ಸಿನ್ ಹೊದಿಸಿದ ಹಲಗೆ. ಅದರ ಅಂಚಿನಲ್ಲಿ ಕ್ಲಿಪ್ಪುಗಳಿರುತ್ತವೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹಲಗೆ ಮುರಿಯುತ್ತದೆ. ನಾನು ದೋಸೆ ಮಗುಚುವ ಕೈಗೆ ಬಟ್ಟೆ ಸುತ್ತಿ, ಕ್ಲಿಪ್ಪಿನ ಪಕ್ಕಕ್ಕೇ ತೂರಿಸಿ ಒಂದೊಂದಾಗಿ ಎಬ್ಬಿಸಿದೆ.

ಹಲಗೆ ತೆಗೆದಾಗ ಒಳಗೆ ಕಂಡದ್ದು ಅಬ್ಬಾ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ರೆಕ್ಸಿನ್ ಹಲಗೆ ನೆನೆಯದಿರಲಿ ಎಂದು ಆ ಹಾಳೆ. ನೀರು ಹೊರಹೋಗಲು ಬಾಗಿಲಿನ ತಳದಲ್ಲಿ ತೂತುಗಳಿರುತ್ತವೆ. ನಮ್ಮದರಲ್ಲಿ ಆ ತೂತುಗಳೆಲ್ಲಾ ಧೂಳು ಕಟ್ಟಿ ಮುಚ್ಚಿಹೋಗಿದ್ದವು. ಎರಡು ಮಳೆಗಾಲದ ತೇವವೆಲ್ಲಾ ಅಲ್ಲೇ ಉಳಿದು ಸ್ಪ್ರಿಂಗು ತುಕ್ಕು ಹಿಡಿದಿರಬೇಕು. ಕ್ರೋಶಾ ಕಡ್ಡಿಯಿಂದ ಅವನ್ನು ಬಿಡಿಸಿದೆ. ಹೊಟ್ಟೆಯೊಳಗೆ ಸಿಕ್ಕ ವಸ್ತುಗಳು: ಒಂದು ಹಸಿರು ಗಾಜಿನ ಬಳೆಯ ಚೂರು, ಚಾಕಲೇಟಿನ ಕಾಗದ, 25 ಪೈಸೆಯ ಒಂದು ನಾಣ್ಯ. ಆ ನಾಣ್ಯ 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋಗಿದೆ. ಬಳೆ ಯಾರದೋ ತಿಳಿಯಲಿಲ್ಲ. ಅಮ್ಮಿ ಅದನ್ನು ಬೆರಳಿನಿಂದ ಸವರಿ ನೋಡಿ, ಸೆರಗಿಗೆ ಕಟ್ಟಿಕೊಂಡರು.

ಹೊರಗಿನ ಹ್ಯಾಂಡಲ್ಲನ್ನು ಒಳಗಿನಿಂದ ಎರಡು ನಟ್ಟುಗಳು ಹಿಡಿದಿರುತ್ತವೆ. ಅವು ತಗಡಿನ ಒಂದು ಕಿಂಡಿಯ ಹಿಂದಿವೆ. ಉಸ್ತಾದರ ಕೈ ಊದಿಲ್ಲದಿದ್ದಾಗಲೂ ಅಲ್ಲಿ ಹೋಗುತ್ತಿರಲಿಲ್ಲವಂತೆ, ಅಂಗಡಿಯಲ್ಲಿದ್ದ ಚಿಕ್ಕ ಹುಡುಗನಿಂದ ಬಿಚ್ಚಿಸುತ್ತಿದ್ದರಂತೆ. ನಾನು ಬಳೆ ತೆಗೆದಿಟ್ಟು, ಕಿಂಡಿಯ ಅಂಚಿಗೆ ಬಟ್ಟೆ ಮಡಿಸಿಟ್ಟು ಕೈ ತೂರಿಸಿದೆ. ತಗಡಿನ ಅಂಚು ಚೂರಿಯಂತಿರುತ್ತದೆ, ಬಟ್ಟೆ ಮರೆಯಬೇಡಿ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ಕಣ್ಣು. ಪಕ್ಕದಲ್ಲಿ ಕೂತಿದ್ದ ಅಮ್ಮಿ, “ಈಗ ನಿನಗೂ ಗೊತ್ತಾಯಿತಲ್ಲ” ಎಂದರು.

ಹ್ಯಾಂಡಲ್ ಕೈಗೆ ಬಂದಾಗ ಉಸ್ತಾದ್ ಅದನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ವಾಶರ್ ಎಲ್ಲಿ?”

ವಿಷಯ ಇದು. ಹ್ಯಾಂಡಲ್ಲಿನ ಪಾದಕ್ಕೂ ಬಾಗಿಲಿನ ತಗಡಿಗೂ ನಡುವೆ ಒಂದು ರಬ್ಬರ್ ವಾಶರ್ ಇರಬೇಕು. ಪೇಂಟು ಉಳಿಯಲಿ, ನೀರು ಇಳಿಯದಿರಲಿ ಎಂದು ಅದನ್ನು ಹಾಕುತ್ತಾರೆ ಎಂದು ನಾವು ತಿಳಿಯುತ್ತೇವೆ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಹ್ಯಾಂಡಲ್ಲಿನ ಗುಂಡಿಯ ಹಿಂದೆ ಒಂದು ಸ್ಕ್ರೂ ಬಾಲದಂತೆ ಚಾಚಿರುತ್ತದೆ. ಗುಂಡಿ ಒತ್ತಿದಾಗ ಆ ಬಾಲ ಲಾಕಿನ ನಾಲಿಗೆಯನ್ನು ತಳ್ಳಿ ಬಾಗಿಲನ್ನು ಬಿಡಿಸುತ್ತದೆ. ಒತ್ತದೆ ಇರುವಾಗ ಬಾಲಕ್ಕೂ ನಾಲಿಗೆಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಗ್ಯಾರೇಜಿನವರು ವಾಶರ್ ಹಾಕದೆ ಹ್ಯಾಂಡಲ್ ಬಿಗಿದಿದ್ದರು. ಅದರಿಂದ ಇಡೀ ಹ್ಯಾಂಡಲ್ ವಾಶರಿನ ದಪ್ಪದಷ್ಟು ಒಳಗೆ ಹೋಗಿತ್ತು. ಯಾರೂ ಮುಟ್ಟದಿದ್ದರೂ ಬಾಲ ನಾಲಿಗೆಯನ್ನು ಸದಾ ಒತ್ತುತ್ತಲೇ ಇತ್ತು. ಬಾಗಿಲು ಮುಚ್ಚಿದಂತೆ ಕಂಡರೂ ಲಾಕು ಪೂರ್ತಿ ಹಿಡಿದಿರಲಿಲ್ಲ. ನೇರ ರಸ್ತೆಯಲ್ಲಿ ಸುಮ್ಮನಿತ್ತು. ಬಲ ತಿರುವಿನಲ್ಲಿ ಬಾಗಿಲಿನ ಭಾರವೆಲ್ಲಾ ಎಡಕ್ಕೆ ಬಿದ್ದಾಗ ಬಿಟ್ಟುಕೊಟ್ಟಿತು.

ಎರಡು ಮಿಲಿಮೀಟರ್ ರಬ್ಬರ್! ನಾನು ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತೆ.

ಡುಪ್ಲಿಕೇಟನ್ನು ಮತ್ತೆ ಹಾಕುವುದು ಬೇಡ, ಹಳೆಯದನ್ನೇ ಸರಿಮಾಡೋಣ ಎಂದು ತೀರ್ಮಾನಿಸಿದೆವು. ಅದರ ಗುಂಡಿಯ ಸ್ಪ್ರಿಂಗು ಮುರಿದಿತ್ತು. ನಮ್ಮ ಬೀದಿಯಲ್ಲೇ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರೊಬ್ಬರಿದ್ದಾರೆ. ಆ ಕಾರ್ಖಾನೆ 2016ರಲ್ಲಿ ಮುಚ್ಚಿಹೋಯಿತು, ಅವರ ಮೇಜಿನ ಮೇಲಿನ ಚಿಮಟ, ಭೂತಗನ್ನಡಿಗಳು ಮಾತ್ರ ಈಗಲೂ ಕೆಲಸದಲ್ಲಿವೆ. ಅವರು ಸರಿಯಾದ ತಂತಿ ಆರಿಸಿ, ಮೊಳೆಯೊಂದಕ್ಕೆ ಸುತ್ತಿ, ಸ್ಪ್ರಿಂಗ್ ಮಾಡಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಮ್ಮಿ ಕಳುಹಿಸಿದ ಶೀರ್ ಖುರ್ಮಾ ತೆಗೆದುಕೊಂಡರು.

ಕ್ರೋಮ್ ಪಾಲಿಶ್ ವಿಚಾರವನ್ನೂ ಕೇಳಿದೆ. ಹಳೆಯ ಕಾರುಗಳ ಹ್ಯಾಂಡಲ್ಲುಗಳು ಬಹುಪಾಲು ಮಜಾಕ್, ಅಂದರೆ ಸತುವಿನ ಎರಕ. ಹಳೆಯ ಲೇಪ ತೆಗೆಯಲು ಆಸಿಡ್ಡಿನಲ್ಲಿ ಅದ್ದುವಾಗ ಹೆಚ್ಚು ಹೊತ್ತು ಬಿಟ್ಟರೆ ಸತುವನ್ನೇ ಆಸಿಡ್ ತಿಂದುಬಿಡುತ್ತದೆ. ಮೇಲೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ತೆಳ್ಳಗೆ ಕ್ರೋಮ್ ಕೂರಿಸಬೇಕು. ಕೈ ಪಳಗಿದವರಿಗೆ ಮಾತ್ರ ಕೊಡಬೇಕಾದ ಕೆಲಸ. ನಾವು ಕೊಡಲಿಲ್ಲ. ಗುಳ್ಳೆಗಳಿರಲಿ ಎಂದರು ಅಮ್ಮಿ.

ವಾಶರ್ ಸಿಗದೆ ಕೊನೆಗೆ ಸೈಕಲ್ ಟ್ಯೂಬು ಕತ್ತರಿಸಿದೆ. ಹ್ಯಾಂಡಲ್ಲಿನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಬ್ಲೌಸಿನ ಕಟಿಂಗಿನಂತೆ ನಮೂನೆ ಮಾಡಿಕೊಂಡೆ. ಒಂದು ಪದರ ತೆಳುವಾಯಿತು, ಎರಡು ಪದರ ಸರಿಹೋಯಿತು. 2023ರ ಫೆಬ್ರವರಿಯಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ಭಾಯಿಜಾನ್ ತಮಾಷೆ ಮಾಡಿದ್ದರು, “ನಿನ್ನ ಸೈಕಲ್ ಟ್ಯೂಬ್ ವಾಶರ್ ಅವರಿಗೂ ಬೇಕಾಗಬಹುದು” ಎಂದು.

ಮರುಜೋಡಣೆ ಸುಲಭ ಎಂದುಕೊಂಡಿದ್ದೆ. ನಟ್ಟುಗಳನ್ನು ಮೊದಲು ಬೆರಳಿನಿಂದ, ಆಮೇಲೆ ಸ್ಪ್ಯಾನರಿನಿಂದ ಇದಿಷ್ಟು ಅದಿಷ್ಟು ಎಂದು ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಹ್ಯಾಂಡಲ್ ಓರೆಯಾಗುತ್ತದೆ. ಬಾಲದ ಸ್ಕ್ರೂವನ್ನು ತಿರುಗಿಸಿ ಉದ್ದ ಸರಿಮಾಡಿ, ಅದರ ಲಾಕ್ ನಟ್ಟನ್ನು ಬಿಗಿಯಬೇಕು. ಸಂದು ಎಷ್ಟಿರಬೇಕು ಎಂದು ಕೇಳಿದ್ದಕ್ಕೆ ಉಸ್ತಾದ್ ಅಲ್ಲೇ ಬಿದ್ದಿದ್ದ ಮದುವೆಯ ರುಖಾ ಕಾರ್ಡನ್ನು ಮಡಿಸಿ ಕೊಟ್ಟರು. “ಇದು ಬಿಗಿಯಾಗಿ ತೂರಬೇಕು, ಅಷ್ಟೇ.”

ಇಲ್ಲಿ ನಾನೊಂದು ತಪ್ಪು ಮಾಡಿದೆ. ಉಸ್ತಾದ್ ಅಸರ್ ನಮಾಝಿಗೆ ಎದ್ದಿದ್ದರು. ನನಗೆ ತಡೆಯಲಾಗಲಿಲ್ಲ, ಬಾಗಿಲನ್ನು ಧಡ್ ಎಂದು ಮುಚ್ಚಿ ನೋಡಿದೆ. ಅದು ಮುಚ್ಚಿಕೊಂಡಿತು, ತೆರೆಯಲೇ ಇಲ್ಲ. ಬಾಲದ ಉದ್ದ ಸಾಲದು, ಒಳಗಿನ ಹಿಡಿಯನ್ನು ಇನ್ನೂ ಹಾಕಿರಲಿಲ್ಲ! ಬೆವರಿಬಿಟ್ಟೆ. ಕೊನೆಗೆ ಬಲಬಾಗಿಲಿನಿಂದ ಒಳಗೆ ತೂರಿ, ಒಳಹಿಡಿ ಕೂರುವ ಚೌಕದ ಕಡ್ಡಿಯನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ತೆರೆದೆ. ನಮಾಝ್ ಮುಗಿಸಿ ಬಂದ ಉಸ್ತಾದ್ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅವರು ಆಗ ಹೇಳಿಕೊಟ್ಟದ್ದನ್ನು ನೀವು ಬರೆದಿಟ್ಟುಕೊಳ್ಳಿ. ಬಾಗಿಲು ತೆರೆದಿರುವಾಗಲೇ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಬೇಕು. ಆಮೇಲೆ ಹೊರಗಿನ ಗುಂಡಿ ಒತ್ತಿ ನೋಡಬೇಕು. ಕೊಂಡಿ ಟಪ್ ಎಂದು ಬಿಟ್ಟುಕೊಳ್ಳಬೇಕು. ಹತ್ತು ಸಲ ಹೀಗೆ ಬಿಟ್ಟುಕೊಂಡ ಮೇಲೆ ಮಾತ್ರ ಬಾಗಿಲನ್ನು ನಿಜವಾಗಿ ಮುಚ್ಚಬೇಕು. ಮುಚ್ಚುವಾಗ ಎರಡು ಸದ್ದು ಬರಬೇಕು, ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ಗ್ಯಾರೇಜಿನಿಂದ ಬಂದ ದಿನ ಒಂದೇ ಸದ್ದು ಬಂದಿತ್ತು. ಅದು ಅಮ್ಮಿಗೆ ನೆನಪಿತ್ತು, ನಮಗೆ ಯಾರಿಗೂ ಇರಲಿಲ್ಲ.

ಮಾರುವ ಮಾತು ಇನ್ನೂ ಮುಗಿದಿಲ್ಲ. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆ ಹೊಸ ನಿಯಮ ಮಾಡಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಲ್ಲುತ್ತದೆ, ನವೀಕರಣಕ್ಕೆ 5,000. ಆದರೆ ಆಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಮುಂತಾದವಕ್ಕೆ ಮಾತ್ರ ಹೊರಗೆ ತೆಗೆಯಬಹುದು. ನಮ್ಮ ಕಾರಿಗೆ 2022ರಲ್ಲೇ ಐವತ್ತು ತುಂಬಿತು. ಭಾಯಿಜಾನರಿಗೆ ಆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟಿನ ಆಸೆ ಇದೆ. ಅಮ್ಮಿ, “ಕುಣಿಗಲ್ಲಿಗೆ ಹೋಗಬಾರದು ಎನ್ನುವ ಕಾರು ನನಗೇಕೆ?” ಎಂದು ಕೇಳುತ್ತಾರೆ. ನನಗೆ ಅಮ್ಮಿಯ ಮಾತೇ ಸರಿ ಎನಿಸುತ್ತದೆ. ಈ ಜಗಳ ಊಟದ ದಸ್ತರ್‌ಖಾನಿನ ಮುಂದೆ ವಾರಕ್ಕೊಮ್ಮೆ ನಡೆಯುತ್ತದೆ.

ಹ್ಯಾಂಡಲ್ ಹಾಕಿದ ಮೇಲಿನ ಶುಕ್ರವಾರ ಕುಣಿಗಲ್ಲಿಗೆ ಹೋದೆವು. ಅಮ್ಮಿಯ ತಂದೆ, ನಮ್ಮ ನಾನಾ, ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಟಿಪ್ಪು ಸುಲ್ತಾನರ ಕಾಲದಿಂದ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಅದು. ಲಾಯದ ಅಗುಳಿಯನ್ನು ಹಾಕಿದ ಮೇಲೂ ಒಮ್ಮೆ ಎಳೆದು ನೋಡಬೇಕು ಎಂದು ನಾನಾ ಹೇಳುತ್ತಿದ್ದರಂತೆ. ಹೆಬ್ಬೂರಿನ ಆಚೆಯ ಆ ತಿರುವು ಬಂದಾಗ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಈ ಸಲ ಕಿಟಕಿಯ ಕಡೆ ಕೂತದ್ದು ನಾನು. ಮಗು ಅಮ್ಮಿಯ ಬಲಕ್ಕಿತ್ತು. ಬಾಗಿಲು ಮಿಸುಕಲಿಲ್ಲ.

ಮಾವನ ಮನೆಯ ಮುಂದೆ ಅಮ್ಮಿ ಇಳಿದು, ತಾವೇ ಬಾಗಿಲು ತಳ್ಳಿದರು. ಕಿವಿಗೊಟ್ಟು ನಿಂತರು. ಎರಡು ಸದ್ದು. ಆಮೇಲೆ ಹ್ಯಾಂಡಲ್ಲಿನ ಗುಳ್ಳೆಗಳ ಮೇಲೆ ಹೆಬ್ಬೆರಳು ಆಡಿಸಿ, ಗುಂಡಿ ಮುಟ್ಟದೆ ಒಮ್ಮೆ ಎಳೆದು ನೋಡಿದರು. ಒಳಗೆ ಹೋಗುತ್ತಾ, “ಉಳಿದ ಮೂರು ಬಾಗಿಲು?” ಎಂದು ನನ್ನನ್ನು ಕೇಳಿದರು.

ಸೈಕಲ್ ಟ್ಯೂಬು ಇನ್ನೂ ಅರ್ಧ ಉಳಿದಿದೆ. ಕಾಗದದ ನಮೂನೆಯನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಎತ್ತಿಟ್ಟಿದ್ದೇನೆ. ಮುಂದಿನ ಎಡಬಾಗಿಲನ್ನು ಬರುವ ಭಾನುವಾರ ಬಿಚ್ಚಬೇಕು, ಉಸ್ತಾದರಿಗೆ ಹೇಳಿ ಕಳುಹಿಸಿದ್ದೇನೆ.